ಮುಧೋಳದಲ್ಲಿ ಅಕ್ಕನ ಮುತ್ತಿನ ಅಂಗಡಿ

ಹೊಸ ಫೋನು ಕೊಂಡ ದಿನದಿಂದ ಅದು ನನ್ನನ್ನು ಏನಾದರೊಂದು ಕೇಳುತ್ತಲೇ ಇದೆ. ನಿಮ್ಮ ಫೋಟೋಗಳನ್ನು ನೋಡಲೇ? ನೀವೀಗ ಎಲ್ಲಿದ್ದೀರೆಂದು ತಿಳಿದುಕೊಳ್ಳಲೇ? ನಿಮ್ಮ ಪರಿಚಯದವರ ನಂಬರುಗಳ ಮೇಲೆ ಒಮ್ಮೆ ಕಣ್ಣಾಡಿಸಲೇ? ಇಷ್ಟು ವಿನಯದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ನಂಬಿಕೆ ಇಲ್ಲದಿದ್ದರೆ ಜಮಖಂಡಿಯಲ್ಲಿ ತೇರದಾಳದ ಬಸ್ಸು ಹತ್ತಿ ನೋಡಿ. ಪಕ್ಕದಲ್ಲಿ ಕುಳಿತವರು ಮೊದಲು ನಿಮ್ಮ ಚೀಲವನ್ನು ನೋಡುತ್ತಾರೆ, ಆಮೇಲೆ ನಿಮ್ಮನ್ನು.

“ಯಾವೂರಾತ್ರಿ ನಿಮ್ದು?”

“ಜಮಖಂಡಿರಿ.”

“ಜಮಖಂಡ್ಯಾಗ ಯಾರ ಪೈಕಿ?”

ಇಲ್ಲಿಂದಾಚೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬನಹಟ್ಟಿಯಲ್ಲಿ ಇಳಿಯುವಷ್ಟರಲ್ಲಿ ನಿಮ್ಮ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ, ಅಳಿಯ ಕುಡಿಯುತ್ತಾನೋ ಇಲ್ಲವೋ, ನಿಮ್ಮ ಮೂತ್ರದ ಕಲ್ಲು ಎಷ್ಟು ದೊಡ್ಡದಿತ್ತು ಎಲ್ಲವೂ ಅವರ ವಶವಾಗಿರುತ್ತದೆ. ಆದರೆ ಒಂದು ಮಾತು ಒಪ್ಪಬೇಕು. ಅವರು ತಮ್ಮ ಅಳಿಯನ ಕುಡಿತವನ್ನೂ ತಮ್ಮ ಕಲ್ಲಿನ ಅಳತೆಯನ್ನೂ ನಿಮಗೆ ಹೇಳಿಯೇ ಇಳಿಯುತ್ತಾರೆ. ಈ ಫೋನು ಹಾಗಲ್ಲ. ನನ್ನಿಂದ ಎಲ್ಲ ಕೇಳಿಕೊಂಡಿತು; ತನ್ನ ಅಳಿಯನ ವಿಷಯ ಇಂದಿನವರೆಗೂ ತುಟಿ ಬಿಚ್ಚಿಲ್ಲ.

ನಾನು ಪತ್ರಿಕೆಯಲ್ಲಿ ದುಡಿದವನು. ಹೆಸರು, ವಯಸ್ಸು, ಊರು ಇಲ್ಲದ ಸುದ್ದಿಯನ್ನು ನಮ್ಮ ಸಂಪಾದಕರು ಕಸದ ಬುಟ್ಟಿಗೆ ಹಾಕುತ್ತಿದ್ದರು. ಎಂಥ ಸುದ್ದಿಯಲ್ಲಿ ಹೆಸರು ಇರಲೇಕೂಡದು ಎಂಬುದನ್ನೂ ಕಲಿಸಿದವರು ಅವರೇ. ಎರಡನ್ನೂ ಕಲಿತಿದ್ದೇನೆಂಬ ಹೆಮ್ಮೆ ನನಗಿತ್ತು. ಒಂದು ಮಧ್ಯಾಹ್ನ ಫೇಸ್‌ಬುಕ್ಕಿನಲ್ಲಿ ‘ಹಿಂದಿನ ಜನ್ಮದಲ್ಲಿ ನೀವು ಯಾರಾಗಿದ್ದಿರಿ’ ಎಂಬ ಆಟ ಬಂತು. ಹುಟ್ಟಿದ ದಿನ, ಹುಟ್ಟಿದ ಊರು, ತಾಯಿಯ ತವರುಮನೆಯ ಹೆಸರು, ಮೊದಲು ಓದಿದ ಸಾಲೆ ಎಲ್ಲವನ್ನೂ ತಪ್ಪಿಲ್ಲದೆ ತುಂಬಿದೆ. ಸೇನಾಪತಿ ಎಂದು ಬಂತು. ಹೆಂಡತಿಗೆ ತೋರಿಸಿದೆ. “ಈ ಜನ್ಮದಾಗ ಹಾಲ ತರಾಕ ಹೋಗ್ರಿ ಸೇನಾಪತಿಗಳ” ಎಂದಳು.

ಅಷ್ಟೂ ಮಾಹಿತಿಯನ್ನು ಬಾಯಿ ಬಿಡುವ ನಮ್ಮ ಜನ ಒಂದೇ ಒಂದನ್ನು ಮಾತ್ರ ಕಾಪಾಡಿಕೊಂಡು ಬಂದಿದ್ದರು. ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ನನ್ನ ಅಪ್ಪನ ಹೆಸರು ಬಸಪ್ಪ. ಅವ್ವ ಜೀವಮಾನವಿಡೀ ಬಸ್ಸಿಗೆ ಮೋಟಾರು ಎಂದಳು. ಬಸಳೆಗೆ ‘ಆ ಬಳ್ಳಿ ತಪ್ಪಲ’ ಎನ್ನುತ್ತಿದ್ದಳು. ಜನಗಣತಿಯ ಮಾಸ್ತರರು ಬಂದು ಯಜಮಾನರ ಹೆಸರು ಕೇಳಿದರೆ ಸೆರಗು ಸರಿಪಡಿಸಿಕೊಂಡು, “ಆ ಹುಡುಗನ್ನ ಕೇಳ್ರಿ” ಎಂದು ನನ್ನತ್ತ ಬೆರಳು ಮಾಡುತ್ತಿದ್ದಳು. ನಾನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಮಾಹಿತಿಯನ್ನು ಬಹಿರಂಗಪಡಿಸುವ ಕಸುಬಿಗೆ ನಾನು ಇಳಿದದ್ದು ಅಲ್ಲಿಂದಲೇ ಇರಬೇಕು.

ಅವ್ವ ಆ ಹೆಸರನ್ನು ತಾನಾಗಿ ಹೇಳುತ್ತಿದ್ದ ಸಮಯ ಒಂದೇ. ಮದುವೆ, ಬಸುರಿಯ ಕುಬಸ, ತೊಟ್ಟಿಲ ಕಾರ್ಯಕ್ರಮಗಳಲ್ಲಿ ಹೆಂಗಸರೆಲ್ಲ ಸೇರಿ ಬಾಗಿಲು ಕಟ್ಟಿ, “ಹೆಸರ ಹೇಳೂತನಕ ಬಿಡೂದಿಲ್ಲ” ಎಂದು ಕಾಡಿಸುತ್ತಾರಲ್ಲ, ಆಗ. ಆಗಲೂ ಬರಿಯ ಹೆಸರು ಹೇಳುವಂತಿಲ್ಲ. ಪ್ರಾಸ ಕಟ್ಟಿ, ಅದರ ಮಡಿಲಲ್ಲಿ ಹೆಸರನ್ನಿಟ್ಟು ಹೇಳಬೇಕು. ಅದೇ ಒಡಪು. ನಮ್ಮವ್ವನ ಒಡಪು ಸಾಧಾರಣ. ನಮ್ಮ ಶಾಂತಕ್ಕನದು ಮಾತ್ರ ಅಸಾಧಾರಣ.

ಶಾಂತಕ್ಕ ನನ್ನ ಸ್ವಂತ ಅಕ್ಕ. ಬನಹಟ್ಟಿಗೆ ಕೊಟ್ಟದ್ದು. ಗಂಡ ಈರಪ್ಪ, ನಮ್ಮ ಕಡೆಯ ವಾಡಿಕೆಯಲ್ಲಿ ನನಗೆ ಮಾವ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದು ಮಕ್ಕಳನ್ನು ಸಾಕಿದವರು. ಮಾತು ಕಡಿಮೆ. ನೀರೆಂದರೆ ಭಯ, ಬಸ್ಸು ಕೃಷ್ಣೆಯ ಸೇತುವೆ ಹತ್ತಿದರೆ ಆಚೆ ದಂಡೆ ಬರುವವರೆಗೂ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಅಂಥ ಗಂಡನನ್ನು ಇಟ್ಟುಕೊಂಡು ಅಕ್ಕ ಕಟ್ಟಿದ ಒಡಪು ಇದು:

ಮುಧೋಳ ಪ್ಯಾಟ್ಯಾಗ ಮುತ್ತಿನ ಅಂಗಡಿ ಇಟ್ಟಾರ,
ಗಲಗಲಿ ಹೊಳಿಯಾಗ ಹಡಗ ತೇಲಿ ಬಿಟ್ಟಾರ,
ಜಮಖಂಡ್ಯಾಗ ಏಳ ಅಂತಸ್ತಿನ ಮನಿ ಕಟ್ಟ್ಯಾರ,
ಎಲ್ಲಾದರ ಕೀಲಿಕೈ ಈರಪ್ಪನವರ ನನ್ನ ಕೈಯಾಗ ಕೊಟ್ಟಾರ.

ಅಕ್ಕ ಇದನ್ನು ಹೇಳುವಾಗ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಕುಳಿತ ಮಾವ ಹಡಗಿನ ಮಾತು ಬಂದಾಗೆಲ್ಲ ಕೆಮ್ಮುತ್ತಿದ್ದರು.

ಮಾವ ತೀರಿಕೊಂಡರು. ಅಲ್ಲಿಂದ ಮುಂದೆ ಅಕ್ಕನನ್ನು ಯಾರೂ ಒಡಪು ಕೇಳಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಗಂಡ ಸತ್ತವಳು ಮದುವೆಮನೆಯಲ್ಲಿ ಹಿಂದಿನ ಗೋಡೆಗೆ ಒರಗಿ ಕೂಡುತ್ತಾಳೆ, ಒಡಪಿನ ಸರದಿ ಅವಳ ಪಕ್ಕದವಳವರೆಗೆ ಬಂದು ಅವಳನ್ನು ದಾಟಿ ಹೋಗುತ್ತದೆ. ಇದು ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಹೀಗಿರುವಾಗ ಅಕ್ಕನ ಮೊಮ್ಮಗಳು ರೂಪಾ, ಜಮಖಂಡಿಗೆ ಕಾಲೇಜಿಗೆ ಬರುವವಳು, ಒಂದು ದಿನ ಅಜ್ಜಿಯ ಬಾಯಿಂದ ಈ ಒಡಪನ್ನು ಹೇಳಿಸಿ ರೀಲ್ ಮಾಡಿ ಹಾಕಿದಳು. ಜನ ನೋಡಿದರು. ಇನ್ನೊಂದು ಹಾಕಿದಳು. ಇನ್ನಷ್ಟು ಜನ ನೋಡಿದರು. ಅಜ್ಜಿಯ ಹೆಸರಿನಲ್ಲೇ ಒಂದು ಪೇಜು ಆಯಿತು. ಅದರಲ್ಲಿ ಒಡಪಿನ ಸಾಲುಗಳು, ಓಣಿಯ ಹೆಸರು, ಮನೆಯ ಬಾಗಿಲಿನ ಫೋಟೋ, ಕೊನೆಗೆ ‘ಒಡಪು ಕಲಿಯಬೇಕೆನ್ನುವವರು ಸಂಪರ್ಕಿಸಿ’ ಎಂದು ಅಕ್ಕನ ಫೋನ್ ನಂಬರು. ಅಕ್ಕನಿಗೆ ಬೀಳಗಿಯಿಂದ, ಮುಧೋಳದಿಂದ ಫೋನು ಬರತೊಡಗಿದವು. “ನಮ್ಮ ಮನಿಯವರ ಹೆಸರ ಚಂದ್ರಶೇಖರ ಐತ್ರಿ, ಒಂದ ಒಡಪ ಕಟ್ಟಿಕೊಡ್ರಿ” ಎಂದು ಮದುವೆಯಾಗುವ ಹುಡುಗಿಯರು ಕೇಳಿದರೆ ಅಕ್ಕ ಒಲೆಯ ಮುಂದೆ ನಿಂತೇ ಕಟ್ಟಿಕೊಡುತ್ತಿದ್ದಳು.

ಅಕ್ಕನ ಮಗ, ರೂಪಾಳ ಅಪ್ಪ, ಮಾಂತೇಶನಿಗೆ ಇದು ಹಿಡಿಸಲಿಲ್ಲ. ಅವನು ಕೆಟ್ಟವನಲ್ಲ, ಹೆದರಿದವನು. ಪಕ್ಕದ ಓಣಿಯ ನಿವೃತ್ತ ಶಿಕ್ಷಕರೊಬ್ಬರು ಪ್ರತಿ ಹುಟ್ಟುಹಬ್ಬ, ಪ್ರತಿ ಪ್ರವಾಸವನ್ನೂ ಫೋನಿನಲ್ಲಿ ಹಾಕಿಕೊಳ್ಳುತ್ತಿದ್ದರು. ಅದನ್ನೆಲ್ಲ ಓದಿಕೊಂಡ ಯಾವನೋ ಒಬ್ಬ ಅವರ ಮೊಮ್ಮಗನ ಗೆಳೆಯನೆಂದು ನಂಬಿಸಿ ಮೋಸ ಮಾಡಿದ್ದ. ಶಿಕ್ಷಕರು ಆಮೇಲೆ ಕೆಲವು ದಿನ ಮನೆಯಿಂದ ಹೊರಗೇ ಬರಲಿಲ್ಲ. ಮಾಂತೇಶ ಜಮಖಂಡಿಗೆ ನನ್ನ ಮನೆಗೆ ಬಂದ.

“ಮಾಮಾ, ನೀವ ಬಂದ ಹೇಳ್ರಿ ಅವ್ವಗ. ಪೇಜ್ ಬಂದ್ ಮಾಡ್ತೇನಿ, ಫೋನ ಇಸಕೊಂತೇನಿ. ನನ್ನ ಮಾತ ಕೇಳವಲ್ಲಳು. ನೀವ ಪೇಪರಿನ್ಯಾಗಿದ್ದವರು, ನಿಮ್ಮ ಮಾತಿಗಿ ಬೆಲಿ ಕೊಡ್ತಾಳ.”

ನನಗೂ ಅವನು ಹೇಳುವುದು ಸರಿ ಎನಿಸಿತು. ಒಬ್ಬ ಹಿರಿಯ ಹೆಂಗಸಿನ ಹೆಸರು, ಓಣಿ, ನಂಬರು, ಮುಖ ಎಲ್ಲ ಒಂದೇ ಕಡೆ ಬಿದ್ದಿವೆ ಎಂದರೆ ನಮ್ಮ ಸಂಪಾದಕರು ಅಂಥ ಪುಟವನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಭಾನುವಾರ ಬನಹಟ್ಟಿಗೆ ಹೋದೆ.

ಅಕ್ಕ ಚುರುಮುರಿ ಕಲಸಿಕೊಟ್ಟಳು, ಚಹಾ ಕೊಟ್ಟಳು. ಮಾಂತೇಶನೂ ರೂಪಾಳೂ ಅಲ್ಲೇ ಕುಳಿತಿದ್ದರು. ನಾನು ನೆಲ ಹದಮಾಡಿ, ಮೊದಲು ಶಿಕ್ಷಕರ ಸಂಗತಿ, ಆಮೇಲೆ ಲೋಕದ ಸಂಗತಿ ಹೇಳಿ, ಕೊನೆಗೆ ಫೋನಿನ ವಿಷಯಕ್ಕೆ ಬಂದೆ. ಅಕ್ಕ ತಟ್ಟೆ ಎತ್ತಿಡುತ್ತ ಕೇಳಿದಳು.

“ಮುಗೀತೇನ ತಮ್ಮಾ ನಿನ್ನ ಭಾಷಣ?”

“ಭಾಷಣ ಅಲ್ಲಕ್ಕಾ. ಕಾಳಜಿ.”

“ಕಾಳಜಿ ಛಲೋನ. ಒಂದ ಮಾತ ಹೇಳು. ಅವರು ಹೋದ ಮ್ಯಾಲ ಒಂದರ ಮದವಿಯಾಗ, ಒಂದರ ಕುಬಸದಾಗ, ಯಾರರ ನನಗ ‘ಶಾಂತವ್ವಾ, ಹೆಸರ ಹೇಳು’ ಅಂದದ್ದ ಕೇಳೀಯೇನು?”

ನಾನು ಚಹಾದ ಬಟ್ಟಲು ಎತ್ತಿಕೊಂಡೆ.

“ಅವರಿದ್ದಾಗ ಹೆಸರ ಹೇಳಬಾರದು ಅಂತಿದ್ರು. ಹೋದ ಮ್ಯಾಲ ಹೇಳಾಕ ಜಾಗಾನ ಇಲ್ಲ. ಈ ಹುಡುಗಿ ಫೋನ ಹಿಡದ ನಿಂತ್ಳು, ‘ಆಯಿ, ಹೇಳು’ ಅಂದ್ಳು. ಹೇಳಿದೆ. ಈಗ ಅದನ್ನೂ ಇಸಕೊಂತೀರಿ? ಇಸಕೊಳ್ರಿ. ಹೆಸರ ಎಲ್ಲೆ ಹೇಳಲಿ ಅದನ್ನ ತೋರಿಸಿ ಇಸಕೊಳ್ರಿ.”

ಮಾಂತೇಶ ನೆಲ ನೋಡಿದ. ರೂಪಾ ಕಣ್ಣೊರೆಸಿಕೊಂಡಳು. ನನ್ನ ವಾದವೆಲ್ಲ ಚಹಾದ ಬಟ್ಟಲಿನಲ್ಲಿ ಮುಳುಗಿತು. ಆಗಲೇ ಅಕ್ಕನ ಫೋನು ಬಡಿದುಕೊಂಡಿತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಫೋನನ್ನು ಯಾರೂ ಕಿವಿಗೆ ಹಚ್ಚಿಕೊಳ್ಳುವುದಿಲ್ಲ. ಸ್ಪೀಕರ್ ಹಾಕಿ ಅಂಗೈ ಮೇಲೆ ರೊಟ್ಟಿಯ ಹಾಗೆ ಹಿಡಿದು ಮಾತಾಡುತ್ತಾರೆ. ಪವರ್‌ಲೂಮುಗಳ ಸದ್ದಿನ ನಡುವೆ ಬೆಳೆದ ಬನಹಟ್ಟಿಯವರ ದನಿಯೂ ಹಾಗೆಯೇ. ಒಬ್ಬರಿಗೆ ಬಂದ ಕರೆ ಓಣಿಗೇ ಬಂದ ಹಾಗೆ.

“ಈರಪ್ಪನವರ ಪತ್ನಿ ಶಾಂತವ್ವ ನೀವೇ ತಾನೆ?” ಗಂಡಸಿನ ದನಿ, ಪುಸ್ತಕದ ಕನ್ನಡ. “ನಾನು ತನಿಖಾ ಕಚೇರಿಯಿಂದ ಮಾತನಾಡುತ್ತಿದ್ದೇನೆ. ಗಂಭೀರ ಪ್ರಕರಣ. ಕೋಣೆಯಲ್ಲಿ ನೀವು ಒಬ್ಬರೇ ಇದ್ದೀರಾ?”

ಮಾಂತೇಶ ಫೋನು ಕಸಿಯಲು ಎದ್ದ. ಅಕ್ಕ ಕೈಯಡ್ಡ ಮಾಡಿ ಅವನನ್ನು ಕೂಡಿಸಿದಳು.

“ಒಬ್ಬಾಕಿನ ಅದೇನ್ರಿ ಸಾಹೇಬ್ರ.”

ಎದುರುಮನೆಯ ಕಸ್ತೂರೆವ್ವ ಬಾಗಿಲಲ್ಲಿ ಬಂದು ನಿಂತಳು. “ಯಾರಬೇ ಶಾಂತಾ ಅವ?”

“ಅದು ಯಾರ ಧ್ವನಿ?” ಎಂದಿತು ಫೋನು.

“ಟೀವಿರಿ.”

“ಇದು ಗುಪ್ತ ವಿಚಾರಣೆ. ಯಾರಿಗೂ ಒಂದಕ್ಷರ ಹೇಳಬಾರದು. ಹೇಳಿದರೆ ಬಂಧನ.”

“ನಾ ಯಾರಿಗಿ ಹೇಳ್ಲಿರಿ” ಎಂದು ಅಕ್ಕ ಕಸ್ತೂರೆವ್ವನಿಗೆ ಚಾಪೆ ತೋರಿಸಿದಳು. ಅವಳ ಹಿಂದೆ ಇನ್ನೂ ಕೆಲವು ಹೆಂಗಸರು ಒಳಗೆ ಬಂದು, ಬಾಯಿಗೆ ಸೆರಗು ಹಿಡಿದು ಸಾಲಾಗಿ ಕುಳಿತರು.

“ನಿಮ್ಮ ಪತಿ ತೀರಿಕೊಂಡ ನಂತರ ಅವರ ಆಸ್ತಿಯನ್ನು ನೀವು ಸರ್ಕಾರದಿಂದ ಮುಚ್ಚಿಟ್ಟಿದ್ದೀರಿ. ಎಲ್ಲ ಮಾಹಿತಿ ನಮ್ಮ ಬಳಿ ಇದೆ.”

ಅಕ್ಕನ ಹುಬ್ಬು ಮೇಲೆ ಹೋಯಿತು. “ಯಾವ ಆಸ್ತಿರಿ?”

“ಮುಧೋಳದಲ್ಲಿ ಮುತ್ತಿನ ಅಂಗಡಿ.”

ರೂಪಾ ನನ್ನ ತೋಳು ಹಿಡಿದಳು.

“ಏನ ಅಂಗಡಿ ಅಂದ್ರಿ?”

“ಮುತ್ತಿನ ಅಂಗಡಿ.”

“ಮತ್ತೇನರ ಐತ್ರಿ?”

“ಜಮಖಂಡಿಯಲ್ಲಿ ಏಳು ಅಂತಸ್ತಿನ ಕಟ್ಟಡ.”

“ಮತ್ತ?”

“ಗಲಗಲಿಯಲ್ಲಿ...” ಅವನು ತಡೆದ. ತಾನು ಓದುತ್ತಿರುವುದರ ಬಗ್ಗೆ ಅವನಿಗೇ ಸಂಶಯ ಬಂದಂತಿತ್ತು. “ಒಂದು ಹಡಗು.”

ಕಸ್ತೂರೆವ್ವ ಚಾಪೆಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಅವಳ ಬೆನ್ನು ಕುಣಿಯುತ್ತಿತ್ತು.

ಅವನು ಎಲ್ಲಿಯವನೋ ನನಗೆ ಗೊತ್ತಿಲ್ಲ. ದೂರದವನಿರಬೇಕು, ಪೇಜಿನಲ್ಲಿ ರೂಪಾ ಬರೆದು ಹಾಕಿದ್ದ ಸಾಲುಗಳನ್ನು ಯಂತ್ರದ ಕೈಯಲ್ಲಿ ಪುಸ್ತಕದ ಕನ್ನಡಕ್ಕೆ ತರ್ಜುಮೆ ಮಾಡಿಸಿ ಆಸ್ತಿಪಟ್ಟಿ ಮಾಡಿಕೊಂಡಿರಬೇಕು. ಇದು ನನ್ನ ಊಹೆ, ಸಾಕ್ಷ್ಯವಿಲ್ಲ. ಒಡಪಿನಲ್ಲಿ ಹೆಂಗಸು ಹೇಳುವುದು ಇರುವ ಮನೆಯನ್ನಲ್ಲ ಎಂಬುದು ನಮ್ಮ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ಇಲ್ಲಿಯ ಯಾವ ಕಳ್ಳನೂ ಒಡಪು ಕೇಳಿ ಕನ್ನ ಹಾಕಲಾರ.

“ಸಾಹೇಬ್ರ, ಹಡಗಿನ ಬಣ್ಣ ಯಾವದ ಅಂತ ಬರದಾರ ನೋಡ್ರಿ” ಎಂದಳು ಅಕ್ಕ.

“ಇದು ತಮಾಷೆಯಲ್ಲ! ಎಲ್ಲದರ ಕೀಲಿಕೈ ನಿಮ್ಮ ಕೈಯಲ್ಲಿದೆ ಎಂಬ ಖಚಿತ ಮಾಹಿತಿ ಇದೆ. ಈಗ ನಿಮ್ಮ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ಓದಿ ಹೇಳಿದರೆ ಬಚಾವು, ಇಲ್ಲದಿದ್ದರೆ ಪೊಲೀಸರು ಬರುತ್ತಾರೆ.”

ಫೋನು ಟಿಣ್ ಎಂದಿತು. ಸಂಖ್ಯೆ ಬಂದಿತ್ತು. ಮಾಂತೇಶ ಮತ್ತೆ ಅರ್ಧ ಎದ್ದ.

“ಹೇಳ್ತೇನ್ರಿ” ಎಂದಳು ಅಕ್ಕ, ಬಹಳ ಮೆತ್ತಗೆ. “ನಮ್ಮ ಕಡೆ ಒಂದ ಪದ್ಧತಿ ಐತ್ರಿ. ಮೊದಲ ನಿಮ್ಮ ಮನಿಯವರ ಹೆಸರ ಹೇಳ್ರಿ. ಹಂಗ ಹೇಳಬಾರದು. ಒಡಪಿನ್ಯಾಗ ಹೇಳಬೇಕು.”

“ಏನು?”

“ಹೆಸರ್ರಿ! ನಿಮ್ಮ ಹೆಂಡತಿ ಹೆಸರು!”

ಅಷ್ಟು ಹೊತ್ತು ಸೆರಗಿನಲ್ಲಿ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಒಡೆಯಿತು. “ಹೇಳ್ರಿ, ಹೇಳ್ರಿ! ನಾಚಬ್ಯಾಡ್ರಿ!” “ಹೆಸರ ಹೇಳೂತನಕ ಬಾಗಲ ಬಿಡೂದಿಲ್ಲ!” “ಪಾಪ, ಹೊಸಾ ಮದಿಮಗ, ನಾಚಾಕತ್ತಾನ!” ಬೇರೆ ಮನೆಗಳಿಂದಲೂ ಹೆಂಗಸರು ಓಡಿ ಬಂದರು. ಏನು, ಯಾರು ಎಂದು ಕೇಳದೆ ಅವರೂ “ಹೆಸರ ಹೇಳ್ರಿ” ಎಂದು ಕೂಗಲಿಕ್ಕೆ ಹತ್ತಿದರು.

“ಅಲ್ಲಿ ಎಷ್ಟು ಜನ ಇದ್ದೀರಿ?” ಫೋನಿನ ಪುಸ್ತಕದ ಕನ್ನಡ ತಡವರಿಸಿತು.

“ಓಣಿ ಅಷ್ಟೂ ಅದೇವೋ ನಮ್ಮಪ್ಪಾ!” ಎಂದಳು ಕಸ್ತೂರೆವ್ವ.

ಕರೆ ಕತ್ತರಿಸಿತು. ನಾನು ಮದುವೆಮನೆಗಳಲ್ಲಿ ಒಡಪಿನ ಗದ್ದಲ ಬೇಕಾದಷ್ಟು ಕೇಳಿದ್ದೇನೆ. ಒಬ್ಬ ಗಂಡಸು ಬಾಗಿಲು ಒಡೆದುಕೊಂಡು ಓಡಿಹೋದದ್ದನ್ನು ಕೇಳಿದ್ದು ಅದೇ ಮೊದಲು. ಅಕ್ಕ ಫೋನನ್ನು ಚಾಪೆಯ ಮೇಲಿಟ್ಟು, ಮಗನನ್ನು ನೋಡಿ, “ಈಗ ಇಸಕೊಂತೀಯೇನ?” ಎಂದಳು.

ಮಾಂತೇಶ ನಗುತ್ತಿದ್ದ, ಆದರೂ ಪಟ್ಟು ಪೂರ್ತಿ ಬಿಡಲಿಲ್ಲ. “ಅಂಗಡಿ ಸುಳ್ಳ, ಹಡಗ ಸುಳ್ಳ. ಅಪ್ಪನ ಹೆಸರ ಖರೆ ಇತ್ತು, ನಿನ್ನ ನಂಬರ ಖರೆ ಇತ್ತಲ್ಲ ಯವ್ವಾ. ಅದರಿಂದನ ಅವ ಮನಿತನಕ ಬಂದ.”

ಅದು ನ್ಯಾಯವಾದ ಮಾತು. ಅಕ್ಕನೂ ಅದನ್ನು ಒಪ್ಪಿದಳು. ರೂಪಾ ಅಲ್ಲೇ ಕುಳಿತು ಪೇಜಿನಿಂದ ನಂಬರು ಅಳಿಸಿದಳು, ಓಣಿಯ ಹೆಸರು ಅಳಿಸಿದಳು, ಬಾಗಿಲಿನ ಫೋಟೋ ಅಳಿಸಿದಳು. ನಾನು ಆ ಕರೆಯ ವಿವರ ಬರೆದು ಪೊಲೀಸರಿಗೆ ದೂರು ಕೊಡಿಸಿದೆ. ಭಾಷಣ ಮಾಡಲು ಹೋದವನಿಗೆ ಕೊನೆಗೆ ಗುಮಾಸ್ತನ ಕೆಲಸವಾದರೂ ಸಿಕ್ಕಿತು. ಪೇಜು ಉಳಿಯಿತು. ಫೋನು ಅಕ್ಕನ ಸೊಂಟದ ಚೀಲದಲ್ಲೇ ಉಳಿಯಿತು. ಕಸ್ತೂರೆವ್ವ ಕಥೆಯನ್ನು ಸಂತೆಗೆ ಒಯ್ದಳು, ಸಂತೆ ಅದನ್ನು ಹಿಪ್ಪರಗಿಗೂ ತೇರದಾಳಕ್ಕೂ ಒಯ್ದಿತು. ಬಸ್ಸಿನಲ್ಲಿ ಪಕ್ಕದವರೊಬ್ಬರು, ನಾನು ಯಾರ ಪೈಕಿ ಎಂದು ತಿಳಿದ ಮೇಲೆ, “ಹಡಗಿನ ಶಾಂತವ್ವನ ತಮ್ಮ ನೀವೇನ್ರಿ?” ಎಂದು ಕೈ ಕುಲುಕಿದರು. ಇಷ್ಟು ವರ್ಷ ಪತ್ರಿಕೆಯಲ್ಲಿ ಹೆಸರು ಅಚ್ಚು ಹಾಕಿಸಿಕೊಂಡರೂ ಆ ಕೈಕುಲುಕು ನನಗೆ ಸಿಕ್ಕಿರಲಿಲ್ಲ.

ಕಥೆ ಬೀಳಗಿಗೂ ಹೋಗಿತ್ತು. ರೂಪಾಳ ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಚೊಚ್ಚಿಲ ಬಸುರಿ. ಕುಬಸಕ್ಕೆ ನಾವೆಲ್ಲ ಹೋದೆವು. ಪಡಸಾಲೆಯ ನಡುವೆ ಹುಡುಗಿಯನ್ನು ಹಸಿರು ಸೀರೆ ಉಡಿಸಿ ಕೂಡಿಸಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಉಡಿ ತುಂಬಿ, ಹೆಸರು ಹೇಳಿ, ನಗುತ್ತ ಹಿಂದೆ ಸರಿಯುತ್ತಿದ್ದರು. ಅಕ್ಕ ವಾಡಿಕೆಯಂತೆ ಹಿಂದಿನ ಗೋಡೆಗೆ ಒರಗಿದ್ದಳು. ಅಂಗಳದಲ್ಲಿ ಗಂಡಸರ ಪಂಕ್ತಿ ಕುಳಿತಿತ್ತು. ನಾನು ಬಾಗಿಲ ಹತ್ತಿರದ ಎಲೆಯಲ್ಲಿ ಕುಳಿತಿದ್ದೆ. ಈ ಸಲ ಕಣ್ಣಿಟ್ಟು ನೋಡುತ್ತಿದ್ದೆ. ಸರದಿ ಅಕ್ಕನ ಪಕ್ಕದವಳಿಗೆ ಬಂತು. ದಾಟಿತು.

ದಾಟಿದ ಸರದಿಯನ್ನು ಹಿಡಿದು ನಿಲ್ಲಿಸಿದವಳು ಆ ಮನೆಯ ಹಿರಿಯಳು, ಹುಡುಗಿಯ ಅತ್ತೆ.

“ಶಾಂತವ್ವಾರ, ಅಲ್ಲ್ಯಾಕ ಕುಂತೀರಿ? ಫೋನಿನ್ಯಾಗ ಊರ ಮಂದಿಗೆಲ್ಲ ಹೇಳ್ತೀರಿ, ನಮಗ ಹೇಳಾಂಗಿಲ್ಲೇನು?”

ಮೂಲೆಯಿಂದ ಯಾರೋ ಮುದುಕಿ, “ಅಲ್ಲಬೇ, ಅವರ ಮನಿಯವರು...” ಎಂದು ಶುರುಮಾಡಿದಳು.

“ಮನಿಯವರು ಹೋಗ್ಯಾರ. ಹೆಸರ ಎಲ್ಲಿ ಹೋಗೇತಿ?” ಎಂದಳು ಅತ್ತೆ. “ಬರ್ರಿ ಶಾಂತವ್ವಾರ, ಮುಂದ ಬರ್ರಿ. ಮೊಮ್ಮಗಳ ಉಡಿ ತುಂಬ್ರಿ.”

ಅಕ್ಕ ಎದ್ದಳು. ಎದ್ದದ್ದೇ ತಡ, ಪಡಸಾಲೆಯ ತುಂಬ ಫೋನುಗಳು ಮೇಲೆದ್ದವು. ಹಡಗಿನ ಒಡಪನ್ನು ಎದುರಿಗೇ ಕೇಳುವ ಆಸೆ ಎಲ್ಲರಿಗೂ. ಅಕ್ಕ ನಡುವೆ ಬಂದು ನಿಂತು ಸುತ್ತ ನೋಡಿದಳು.

“ಫೋನ ಕೆಳಗಿಡ್ರಿ. ಆ ಮುತ್ತಿನ ಅಂಗಡಿ ಫೋನಿಗಿ. ಇದು ನಿಮಗ.”

ಮೊದಲು ಕೆಳಗಿಟ್ಟವಳು ರೂಪಾ. ಆಮೇಲೆ ಒಂದೊಂದಾಗಿ ಎಲ್ಲವೂ ಇಳಿದವು. ಅಕ್ಕ ಮೊಮ್ಮಗಳ ಉಡಿಗೆ ಅಕ್ಕಿ ಹಾಕಿ ಒಡಪು ಹೇಳಿದಳು. ಅದರಲ್ಲಿ ಮುತ್ತಿರಲಿಲ್ಲ, ಅಂತಸ್ತಿರಲಿಲ್ಲ. ಇದ್ದದ್ದೆಲ್ಲ ನಡೆದ ಮಾತು: ಒಂದು ಮಗ್ಗ, ಒಬ್ಬ ಮಾತು ಕಡಿಮೆಯ ಮನುಷ್ಯ, ಅವನು ಅವಳಿಗೆಂದು ಮಾಡಿದ ಒಂದು ಕೆಲಸ, ಕೊನೆಯಲ್ಲಿ ಹೆಸರು. ನಾಲ್ಕೂ ಸಾಲು ನನಗೆ ಬಾಯಿಪಾಠವಾಗಿವೆ. ಬರೆಯುವುದಿಲ್ಲ. ‘ಇದು ನಿಮಗ’ ಎಂದು ಅವಳು ಹೇಳಿದ್ದು ಪಡಸಾಲೆಯವರಿಗೆ, ಪತ್ರಿಕೆಯವರಿಗಲ್ಲ.

ಮುಗಿದ ಮೇಲೆ ಯಾರೋ ಹುಡುಗಿ, “ಹೆಸರ ಕೇಳಸಲಿಲ್ಲರಿ ಆಯಿ!” ಎಂದು ಕೂಗಿದಳು. ಕೇಳಿಸಿರುತ್ತದೆ, ಕಾಡಿಸುವ ವಾಡಿಕೆ ಅದು. ಹೊಸ ಸೊಸೆಯರನ್ನು ಹೀಗೆಯೇ ಕಾಡಿಸುತ್ತಾರೆ. “ಹೌದ ಹೌದ, ಕೇಳಸಲಿಲ್ಲ! ಜೋರಾಗಿ ಹೇಳ್ರಿ!” ಎಂದು ಎಲ್ಲರೂ ದನಿಗೂಡಿಸಿದರು. ಮೂಲೆಯ ಮುದುಕಿಯೂ ಕೂಗಿದಳು.

ಅಕ್ಕನ ಮುಖ ಕೆಂಪಾಯಿತು. ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು, ಸೆರಗು ತೆಗೆದಳು, ಮಗ್ಗಗಳ ಸದ್ದನ್ನು ಮೀರಿಸಿ ಬೆಳೆಸಿಕೊಂಡಿದ್ದ ತನ್ನ ದನಿಯನ್ನೆಲ್ಲ ಒಟ್ಟುಗೂಡಿಸಿ, “ಈರಪ್ಪ!” ಎಂದಳು.

ಅಂಗಳದಲ್ಲಿ ಮಾಂತೇಶ ಪಂಕ್ತಿಗೆ ತುಪ್ಪ ಬಡಿಸುತ್ತಿದ್ದ. ನನ್ನ ಎಲೆಯ ಮುಂದೆ ಬಗ್ಗಿದವನು ತನ್ನ ಅಪ್ಪನ ಹೆಸರು ಕೇಳಿ ಹಾಗೆಯೇ ನಿಂತುಬಿಟ್ಟ. ಬಾಗಿದ ತಂಬಿಗೆಯಿಂದ ತುಪ್ಪ ಇಳಿಯುತ್ತಲೇ ಇತ್ತು. ಹೋಳಿಗೆ ಮುಳುಗಿತು, ಅನ್ನ ಮುಳುಗಿತು. ನಾನು ಸಾಕೆನ್ನಲಿಲ್ಲ.